ಲೆಫ್ಟಿನೆಂಟನಿಗೆ ನಾನು ಬರೆದ ಬಿನ್ನವತ್ತಳೆ

ಜಯನಗರದ ನಮ್ಮ ಬ್ಲಾಕಿನಲ್ಲಿ ಯಾರಾದರೂ ನಿವೃತ್ತರಾದರೆ ಜನ ಮೊದಲು ಹೂವಿನ ಅಂಗಡಿಗೆ ಹೋಗಿ ಹಾರಕ್ಕೆ ಹೇಳುತ್ತಿದ್ದರು, ಆಮೇಲೆ ನನ್ನ ಮನೆಗೆ ಬರುತ್ತಿದ್ದರು. ಸನ್ಮಾನ ಸಭೆಯಲ್ಲಿ ಗಟ್ಟಿಯಾಗಿ ಓದಿ, ಕಟ್ಟು ಹಾಕಿಸಿ ಕೊಡುವ ಬಿನ್ನವತ್ತಳೆ ಬರೆಯುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಸುದ್ದಿ ಹಬ್ಬಿತ್ತು. ಹಬ್ಬಿಸಿದವನು ನಾನೇ. ಹಗಲು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ, ಸಂಜೆ ಆರರ ಮೇಲೆ ಸಾಹಿತಿ. ನೀರಿನ ಮೀಟರ್ ನೋಡುತ್ತಿದ್ದವರು, ಸಂಗೀತದ ಮೇಷ್ಟ್ರು, ಪೋಸ್ಟ್ ಮಾಸ್ಟರು, ಎಲ್ಲರೂ ನನ್ನ ಕೈಯಲ್ಲಿ ಒಂದೇ ಸಮನಾಗಿ 'ಸೌಜನ್ಯದ ಸಾಗರ'ವಾಗುತ್ತಿದ್ದರು. ಯಾರೂ ಬೇಡವೆನ್ನಲಿಲ್ಲ.

ಎಪ್ಪತ್ತೊಂದರ ಡಿಸೆಂಬರ್ ಯುದ್ಧದಲ್ಲಿ ನಮ್ಮ ಹಿಂದಿನ ರಸ್ತೆಯ ನಿವೃತ್ತ ಹೆಡ್‌ಮಾಸ್ಟರ ಒಬ್ಬನೇ ಮಗ ತೀರಿಕೊಂಡ. ಸೆಕೆಂಡ್ ಲೆಫ್ಟಿನೆಂಟ್. ಇಪ್ಪತ್ತೆರಡು ವರ್ಷ. ತಂತಿ ಬಂತು, ದೇಹ ಬರಲಿಲ್ಲ. ಪೂರ್ವದ ಗಡಿಯಲ್ಲೇ ಸಂಸ್ಕಾರ ಮುಗಿಸಿದ್ದರು.

ಆ ಹುಡುಗ ಚಡ್ಡಿ ಹಾಕುತ್ತಿದ್ದಾಗಿನಿಂದ ನಾನು ಅವನನ್ನು ಬಲ್ಲೆ. ಬಲ್ಲೆ ಎಂದರೆ ಬೈದಿದ್ದೇನೆ ಎಂದರ್ಥ. ಎಂಟು ಗಂಟೆಗೆ ಮೊದಲು ಏಳುತ್ತಿರಲಿಲ್ಲ. ನನ್ನ ಸೈಕಲ್ ಕೇಳಿಕೊಂಡು ಹೋಗಿ, ಪಂಕ್ಚರ್ ಮಾಡಿ, ಸದ್ದಿಲ್ಲದೆ ಕಾಂಪೌಂಡಿಗೆ ಒರಗಿಸಿ ಹೋಗುತ್ತಿದ್ದ. ಅವನು ಮಿಲಿಟರಿಗೆ ಆಯ್ಕೆಯಾದನೆಂದು ಕೇಳಿದಾಗ, ಪಾರ್ಕಿನ ಬೆಂಚಿನ ಮೇಲೆ ಹತ್ತು ಜನರ ಮುಂದೆ, ಅವನ ತಂದೆಯೂ ಅಲ್ಲೇ ಇದ್ದಾಗ, "ಬರ್ದಿಟ್ಕೊಳಿ ಸಾರ್, ಒಂದ್ ತಿಂಗ್ಳಲ್ಲಿ ವಾಪಸ್ ಬರ್ತಾನೆ, ಶುದ್ಧ ಸೋಮಾರಿ" ಎಂದಿದ್ದೆ. ಮದ್ರಾಸಿನಲ್ಲಿ ತರಬೇತಿ ಮುಗಿಸಿ ರಜೆಗೆ ಬಂದವನು ನೆಟ್ಟಗೆ ನನ್ನ ಗೇಟಿನ ಹತ್ತಿರ ಬಂದು, "ಅಣ್ಣಾ, ಒಂದ್ ತಿಂಗ್ಳು ದಾಟ್‌ಬಿಡ್ತು" ಎಂದು ನಕ್ಕ. ನಾನು ಪೇಪರ್ ಓದುವವನಂತೆ ನಟಿಸಿದೆ.

ಜನವರಿಯಲ್ಲಿ ಶ್ರದ್ಧಾಂಜಲಿ ಸಭೆ ಮಾಡಬೇಕೆಂದು ಬಡಾವಣೆಯವರು ನಿಶ್ಚಯಿಸಿದರು. ಅಧ್ಯಕ್ಷತೆಗೆ ನಿವೃತ್ತ ಜಡ್ಜ್ ಒಬ್ಬರು ಒಪ್ಪಿದರು, ಬರವಣಿಗೆ ಎಂದಿನಂತೆ ನನಗೇ ಬಂತು. ವಿವರ ಕೇಳಲು ಹೆಡ್‌ಮಾಸ್ಟರ ಮನೆಗೆ ಹೋದೆ. ಅವರು ಸರ್ಟಿಫಿಕೇಟುಗಳ ಫೈಲು ಕೊಟ್ಟರು, ಕರ್ನಲ್ ಬರೆದ ಇಂಗ್ಲಿಷ್ ಕಾಗದ ತೋರಿಸಿದರು. ಹುಡುಗನ ತಾಯಿ ಒಳಗಿನಿಂದ ಒಂದು ಇನ್‌ಲ್ಯಾಂಡ್ ಲೆಟರ್ ತಂದು ನನ್ನ ಕೈಗಿಟ್ಟರು. ಮಗ ಬರೆದದ್ದು.

"ಅಮ್ಮಾ, ಇಲ್ಲಿ ದಿನಾ ಸಾಯಂಕಾಲ ನನ್ನ ಕೆಲಸ ಏನು ಗೊತ್ತಾ? ನಮ್ಮ ಪ್ಲಟೂನಿನ ಮೂವತ್ತು ಚಿಲ್ಲರೆ ಜನರ ಬೂಟು ಬಿಚ್ಚಿಸಿ ಕಾಲು ನೋಡೋದು. ಬೊಬ್ಬೆ ಎದ್ದಿದೆಯಾ, ಬೆರಳ ಸಂದಿ ಕೊಳೆತಿದೆಯಾ ಅಂತ. ನಾಚಿಕೊಂಡು ಕಾಲು ಹಿಂದಕ್ಕೆ ಎಳ್ಕೊಳ್ತಾರೆ. ಆಗ ನಾನೇ ಹಿಡ್ಕೊಂಡು ಪೌಡರ್ ಹಾಕ್ತೀನಿ. ನಗಬೇಡ."

"ಉಂಡ ತಟ್ಟೆ ಎತ್ತಿಡ್ತಿರ್ಲಿಲ್ಲ ನನ್ ಮಗ" ಎಂದರು ಆಕೆ. "ಬೀದೀಲಿ ಎಲ್ರೂ ಸೋಮಾರಿ ಅಂತಿದ್ರು. ನೀನೂ ಅಂದಿದ್ದೀಯ, ನಂಗೊತ್ತು. ಇದೊಂದನ್ನ ಎಲ್ರ ಮುಂದೆ ಓದಪ್ಪ, ಕೇಳ್ಬೇಕು ಅವ್ರು. ಬೇರೆ ಏನ್ ಬರ್ದ್ರೂ ನಿನ್ನಿಷ್ಟ."

ಖಂಡಿತ ಓದುತ್ತೇನೆ ಎಂದು ಕಾಫಿ ಕುಡಿದು ಬಂದೆ.

ಮನೆಯಲ್ಲಿ ಪೆನ್ನು ಹಿಡಿದು ಕೂತಾಗ ಒಳಗಿನ ಸಾಹಿತಿ ಮೂಗು ಮುರಿದ. ಬಿನ್ನವತ್ತಳೆಯಲ್ಲಿ ಪಾದಕ್ಕೆ ಜಾಗವುಂಟು, ಆದರೆ ಅದು ಪಾದಾರವಿಂದವಾಗಿರಬೇಕು. ಬೊಬ್ಬೆ ಎದ್ದ ಕಾಲನ್ನು ಜಡ್ಜ್ ಸಾಹೇಬರ ಮುಂದೆ ಓದುವುದು ಹೇಗೆ? ಅದನ್ನು ಬಿಟ್ಟು, 'ತೊಟ್ಟಿಲಲ್ಲೇ ಖಡ್ಗಕ್ಕೆ ಕೈಚಾಚಿದ ಧೀರ' ಎಂದು ಶುರು ಮಾಡಿದೆ. ನಿಜ ಹೇಳುವುದಾದರೆ ಶೈಲಿಯದ್ದು ಒಂದು ನೆಪ. ಆ ಕಾಗದ ಓದಿದರೆ ಪಾರ್ಕಿನ ಬೆಂಚಿನ ಹತ್ತು ಜನರೂ ನನ್ನ ಮುಖ ನೋಡುತ್ತಾರಲ್ಲ ಎಂಬ ಭಯ ನನಗಿತ್ತು.

ನನ್ನ ಬಿನ್ನವತ್ತಳೆಗಳು ಅಚ್ಚಾಗುತ್ತಿದ್ದದ್ದು ಶ್ರೀನಗರ ಬಡಾವಣೆಯ ಒಂದು ಪುಟ್ಟ ಪ್ರೆಸ್ಸಿನಲ್ಲಿ. ಸುತ್ತಲಿನ ಬಳ್ಳಿಯ ಅಂಚು ಮತ್ತು ಕೊನೆಯ ನಾಲ್ಕು ಸಾಲು ಯಾವಾಗಲೂ ಒಂದೇ ಆದ್ದರಿಂದ, ಜೋಡಿಸಿದ ಆ ಸೀಸದ ಅಚ್ಚಿನ ಮೊಳೆಗಳನ್ನು ಬಿಚ್ಚದೆ ದಾರ ಕಟ್ಟಿ ಇಟ್ಟುಕೊಳ್ಳಿ ಎಂದು ವರ್ಷಗಳ ಹಿಂದೆ ನಾನೇ ಹೇಳಿಕೊಟ್ಟಿದ್ದೆ. ನಡುವಿನ ಹೊಗಳಿಕೆಯನ್ನು ಮಾತ್ರ ಪ್ರತಿಸಲ ಹೊಸದಾಗಿ ಜೋಡಿಸುತ್ತಿದ್ದರು. ಈ ಸಲವೂ ನಡುವಿನದ್ದರ ಪ್ರೂಫ್ ನೋಡಿದೆ, 'ಖಡ್ಗ'ದ ಮಹಾಪ್ರಾಣ ತಿದ್ದಿದೆ.

"ಕೊನೇದು ಹಾಗೇ ಇರ್ಲಾ ಸಾರ್?" ಎಂದು ಮೊಳೆ ಜೋಡಿಸುವವನು ಕೇಳಿದ.

"ಹಾಗೇ ಇರ್ಲಿ, ಅದ್ರಲ್ಲಿ ತಪ್ಪಿರಲ್ಲ" ಎಂದೆ. ಬಸ್ಸಿಗೆ ಹೊತ್ತಾಗುತ್ತಿತ್ತು.

ಭಾನುವಾರ ಸಂಜೆ ಮೈದಾನದ ಶಾಮಿಯಾನದ ಕೆಳಗೆ ಇನ್ನೂರು ಜನ ಸೇರಿದ್ದರು. ಎಲ್ಲರ ಕೈಯಲ್ಲೂ ಅಚ್ಚಾದ ಹಾಳೆ. ವೇದಿಕೆಯ ಮೇಲೆ ಸಮವಸ್ತ್ರದ ಫೋಟೋ, ಮುಂದಿನ ಸಾಲಿನಲ್ಲಿ ತಂದೆ ತಾಯಿ. ಇಸ್ತ್ರಿ ಮಾಡಿದ ಜುಬ್ಬಾ ಹಾಕಿದ್ದ ನಾನು ಕಂಚಿನ ಕಂಠದಲ್ಲಿ ಓದಲು ಶುರು ಮಾಡಿದೆ. ಒಂದೊಂದು ಪ್ಯಾರಾ ಮುಗಿದಾಗಲೂ ಆ ತಾಯಿ ಸ್ವಲ್ಪ ಮುಂದಕ್ಕೆ ಬಾಗುತ್ತಿದ್ದರು. ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ಕಾಯುತ್ತಿದ್ದರು. ನಾನು ಅವರ ಕಡೆ ನೋಡುವುದನ್ನು ಬಿಟ್ಟು ಜಡ್ಜ್ ಸಾಹೇಬರ ಕಡೆ ತಿರುಗಿ ಓದಿದೆ. ಕೊನೆಯ ಸಾಲುಗಳು ನೂರು ಸಲ ಓದಿ ನಾಲಿಗೆಯ ಮೇಲೇ ಇದ್ದವು. ಹಾಳೆ ನೋಡುವ ಅಗತ್ಯವೂ ಇರಲಿಲ್ಲ.

"ಭಗವಂತನು ತಮಗೆ ಆಯುರಾರೋಗ್ಯಗಳನ್ನು ಕರುಣಿಸಲಿ. ತಾವು ನೂರ್ಕಾಲ ಬಾಳಿ, ಮಕ್ಕಳು ಮೊಮ್ಮಕ್ಕಳೊಡನೆ ವಿಶ್ರಾಂತ ಜೀವನವನ್ನು ಸುಖವಾಗಿ ಕಳೆಯುವಂತಾಗಲಿ ಎಂದು ಹಾರೈಸುತ್ತೇವೆ."

ಪೂರ್ತಿ ಓದಿ ಮುಗಿಸಿದ ಮೇಲೆ, ಏನು ಓದಿದೆನೆಂಬುದು ನನ್ನ ಕಿವಿಗೆ ಬಿತ್ತು. ಜಡ್ಜ್ ಸಾಹೇಬರು ಕನ್ನಡಕ ತೆಗೆದು ಹಾಳೆಯನ್ನು ಹತ್ತಿರ ಹಿಡಿದರು. ಹೆಡ್‌ಮಾಸ್ಟರು ತಲೆ ತಗ್ಗಿಸಿದರು. ಯಾರಾದರೂ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಜುಬ್ಬಾ ಬೆವರಿನಿಂದ ಬೆನ್ನಿಗೆ ಅಂಟಿಕೊಂಡಿತು. ವೇದಿಕೆಯಿಂದ ಹೇಗೆ ಇಳಿದೆನೋ ನೆನಪಿಲ್ಲ.

ಎರಡು ದಿನ ಜ್ವರವೆಂದು ಕಚೇರಿಗೆ ರಜಾ ಹಾಕಿ ಮಲಗಿದೆ. ಜ್ವರ ಬರಲಿಲ್ಲ, ನಾಚಿಕೆಗೆ ಥರ್ಮಾಮೀಟರ್ ಇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ದಾರಿಯುದ್ದಕ್ಕೂ ಕ್ಷಮೆಯ ಮಾತುಗಳನ್ನು ಹೊಂದಿಸಿಕೊಂಡಿದ್ದೆ, ಅದರಲ್ಲೂ ಎರಡು ಕಡೆ ಸಂಸ್ಕೃತ ಬೆರೆಸಿದ್ದೆ. ಆ ತಾಯಿ ಹಜಾರದಲ್ಲಿ ಮೊರ ಹಿಡಿದು ಅಕ್ಕಿಯ ಕಲ್ಲು ಆರಿಸುತ್ತಿದ್ದರು.

"ಕಾಲಿನ ವಿಷ್ಯ ಓದ್ಲಿಲ್ಲ ನೀನು" ಎಂದರು, ತಲೆ ಎತ್ತದೆ.

ಹೊಂದಿಸಿಕೊಂಡದ್ದೆಲ್ಲ ಮರೆತುಹೋಯಿತು. "ತಪ್ಪಾಯ್ತಮ್ಮ" ಎಂದೆ.

"ಆ ಖಡ್ಗ ಹಿಡ್ದೋನು ಯಾರೋ ನಂಗೊತ್ತಿಲ್ಲ. ನನ್ ಮಗ ಅಲ್ಲ."

"ಆ ಕೊನೇ ಸಾಲು..." ಎಂದು ಬಾಯಿ ತೆರೆದೆ.

ಆಕೆ ಮೊರ ಬದಿಗಿಟ್ಟು ಎದ್ದು ಒಳಗೆ ಹೋದರು. ಹೊರಗೆ ಹೋಗೆನ್ನುವ ಮೊದಲು ನಾನೇ ಹೊರಡೋಣವೆಂದು ಚಪ್ಪಲಿ ಹುಡುಕುತ್ತಿದ್ದೆ. ಅಷ್ಟರಲ್ಲಿ ಆ ಅಚ್ಚಾದ ಹಾಳೆ ಹಿಡಿದು ಬಂದರು.

"ತಂತಿ ಬಂದಾಗಿಂದ ಮನೆಗೆ ಬಂದೋರೆಲ್ಲ ಆತ್ಮಕ್ಕೆ ಶಾಂತಿ ಸಿಗ್ಲಿ, ಸಿಗ್ಲಿ ಅಂದ್ರು ಕಣಪ್ಪ. ಅವ್ನು ಬಾಳ್ಲಿ ಅಂತ ಬಾಯ್ತುಂಬ ಅಂದೋನು ನೀನೊಬ್ನೇ. ನಂಗೆ ಕನ್ನಡ್ಕ ಇಲ್ದೆ ಸಣ್ಣಕ್ಷರ ಕಾಣಲ್ಲ. ಓದು."

ಓದಿದೆ. ಕಂಚಿನ ಕಂಠ ಎಲ್ಲೋ ಹೋಗಿತ್ತು. 'ನೂರ್ಕಾಲ ಬಾಳಿ' ಎನ್ನುವವರೆಗೆ ಹೇಗೋ ಬಂದೆ, ಅಲ್ಲಿ ನಿಂತುಬಿಟ್ಟೆ.

"ನಿಲ್ಲಿಸ್ಬೇಡ" ಎಂದರು ಆಕೆ. "ಮೊಮ್ಮಕ್ಕಳದ್ದೂ ಓದು."