ಮದ್ದು ಬೇರೆ, ಅನ್ನ ಬೇರೆ

ಅವರ ಮುಂದಿನ ಹಲ್ಲಿನಲ್ಲಿ ಒಂದು ಸಣ್ಣ ತೋಡು ಇತ್ತು. ಕಾಡಿನ ಬಳ್ಳಿಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕತ್ತಿಯಿಂದ ಎರಡಾಗಿ ಸೀಳುವುದು ಅವರ ಕ್ರಮ. ಸಣ್ಣ ಪ್ರಾಯದಿಂದ ಹಾಗೆ ಮಾಡಿ ಮಾಡಿ ಹಲ್ಲು ಸವೆದು, ಬಳ್ಳಿ ಕೂರುವಷ್ಟು ಜಾಗ ತಾನಾಗಿಯೇ ಆಗಿತ್ತು. ನಕ್ಕರೆ ಮೊದಲು ಕಾಣುವುದು ಅದೇ. ಅವರು ನಗುವುದೇನೂ ಕಡಿಮೆ ಇರಲಿಲ್ಲ.

ಬುಟ್ಟಿ ಹೆಣೆಯುವ ಕೊರಗರ ಹೆಂಗಸು. ಶಿರ್ತಾಡಿಯಲ್ಲಿ ಬಸ್ಸಿಳಿದು ತುಂಬಾ ಒಳಗೆ ನಡೆದರೆ ನಮ್ಮ ಊರು. ಅವರ ಮನೆ ಊರಿನ ಮೇಲಿನ ಗುಡ್ಡದಲ್ಲಿರುವ ಕಾಲನಿಯಲ್ಲಿ. ನಮ್ಮ ಮನೆಯಲ್ಲಿ ಅವರನ್ನು 'ಅದು' ಎನ್ನುತ್ತಿದ್ದರು. ಅದು ಬಂದಿದೆ, ಅದಕ್ಕೆ ಗಂಜಿ ಹಾಕು, ಅದು ಹೋಯಿತಾ ನೋಡು. ನಾನು ಇಲ್ಲಿ ಅವರು ಎಂದೇ ಬರೆಯುತ್ತೇನೆ. ಯಾರಿಗಾದರೂ ಕಿರಿಕಿರಿಯಾದರೆ ಆಗಲಿ.

ನನಗಿಂತ ಮೊದಲು ನನ್ನ ತಾಯಿ ಹೆತ್ತವು ಒಂದೂ ಉಳಿಯಲಿಲ್ಲ. ನಾನು ಹುಟ್ಟಿದಾಗ, ನಮ್ಮ ಕಡೆಯ ಹಳೆಯ ಕ್ರಮದ ಹಾಗೆ, ಅವರನ್ನು ಕರೆಸಿದರು. ಆಗ ಅವರ ಕಂಕುಳಲ್ಲೂ ಒಂದು ಹಸುಗೂಸು. ಅಂಗಳದ ಕೊನೆಯಲ್ಲಿ, ದನದ ಹಟ್ಟಿಯ ಹತ್ತಿರ, ನನ್ನನ್ನು ಅವರ ಮಡಿಲಿಗೆ ಹಾಕಿ ಒಂದು ಸಲ ಎದೆಹಾಲು ಕುಡಿಸಿದರು. ಅವರ ಕೈಯಿಂದಲೇ ಕಬ್ಬಿಣದ ಬಳೆ ತೊಡಿಸಿ, ಅವರ ಜಾತಿಯ ಹೆಸರನ್ನೇ ನನಗೆ ಇಟ್ಟರು, ಕೊರಪೊಳು ಎಂದು. ಇದು ಕೊರಗರ ಮಗು, ಇದು ನನಗೆ ಬೇಡ ಎಂದು ಯಮ ಬಿಟ್ಟು ಹೋಗಲಿ ಎಂಬ ಉಪಾಯ. ಅವರಿಗೆ ಅಕ್ಕಿ, ತೆಂಗಿನಕಾಯಿ, ಎಣ್ಣೆ ಕೊಟ್ಟು ಕಳುಹಿಸಿದರು. ಆಮೇಲೆ ನನ್ನನ್ನು ಮೀಯಿಸಿ ಒಳಗೆ ತಂದರು. ಹೊಟ್ಟೆಯೊಳಗೆ ಹೋದ ಹಾಲನ್ನು ತೊಳೆಯಲು ಆಗುವುದಿಲ್ಲವಲ್ಲ, ಅದು ಅಲ್ಲೇ ಉಳಿಯಿತು.

ಆ ಹಾಲಿನಿಂದಲೇ ಬದುಕಿದೆ ಎಂದು ನಾನು ಹೇಳುವುದಿಲ್ಲ. ಉಳಿಯುವುದಿತ್ತು, ಉಳಿದೆ. ಆದರೆ ಕುಡಿದದ್ದು ಕುಡಿದದ್ದೇ.

ಶಾಲೆಯಲ್ಲಿ ಮಾಸ್ತರರು ಆ ಹೆಸರು ಕೂಗಿದರೆ ಮಕ್ಕಳು ಮೂಗು ಮುಚ್ಚುತ್ತಿದ್ದರು. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟೆ. ಹೆಸರೂ ಒಂದು ಕಾರಣ. ಅದೇ ಊರಿನೊಳಗೆ ಮದುವೆಯಾಯಿತು. ಗಂಡನ ಮನೆಯವರು ಧಾರೆಯ ದಿನವೇ ಬೇರೆ ಹೆಸರಿಟ್ಟರು. ನನ್ನದು ಒಂದು ಮಧ್ಯಾಹ್ನದಲ್ಲಿ ಹೋಯಿತು. ಅವರದ್ದು ಹಾಗೆ ಹೋಗುವಂಥದ್ದಲ್ಲ.

ಬುಟ್ಟಿ ಗಟ್ಟಿ ಉಂಟಾ ಎಂದು ಯಾರಾದರೂ ಕೇಳಿದರೆ, ಅವರು ಅದನ್ನು ಕವುಚಿ ಹಾಕಿ ಮೇಲೆ ಕೂತು ತೋರಿಸುತ್ತಿದ್ದರು. ಅವರು ಎದ್ದ ಮೇಲೆ ಕೊಂಡವರು ಬುಟ್ಟಿಗೆ ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದರು. ಒಮ್ಮೆ ನನ್ನ ಅತ್ತೆ ಹಾಗೆ ಚೊಂಬು ಹಿಡಿದು ನಿಂತಾಗ ಅವರು, "ಇನ್ನೂ ಸ್ವಲ್ಪ ಹಾಕಿ ಅಕ್ಕೆರೆ. ಕಾಡಿನ ಬಳ್ಳಿ ಅಲ್ವಾ, ಚಿಗುರಿದರೆ ಚಪ್ಪರಕ್ಕೆ ಹಬ್ಬಿಸಬಹುದು" ಎಂದರು. ಅದು ತಮಾಷೆಯೋ ಕೊಂಕೋ ಅತ್ತೆಗೆ ತಿಳಿಯಲಿಲ್ಲ. ನಾನು ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ.

ನನ್ನ ಮಗ ಹುಟ್ಟಿದ ವರ್ಷ, ಅಂಗಳದಲ್ಲಿ ಬೇರೆ ಯಾರೂ ಇಲ್ಲದಾಗ ಅವರನ್ನು ಕೇಳಿದೆ. "ನನಗೆ ಹಾಲು ಕೊಟ್ಟ ದಿನ ನಿನ್ನ ಕೈಯಲ್ಲಿ ಒಂದು ಮಗು ಇತ್ತಂತಲ್ಲ, ಅದು ಈಗ ಎಲ್ಲಿ?"

"ಅದಾ? ಆ ಮಳೆಗಾಲದಲ್ಲೇ ಹೋಯಿತು." ಬಳ್ಳಿ ಸೀಳುವ ಕೈ ನಿಲ್ಲಲಿಲ್ಲ. "ಯಮನಿಗೆ ನಮ್ಮ ಮಕ್ಕಳು ಬೇಡ ಅಂತ ನಿಮ್ಮವರಿಗೆ ಯಾರು ಹೇಳಿದ್ದೋ ಸಣ್ಣಕ್ಕಾ. ನಮ್ಮಲ್ಲಿಗೆ ಅವನು ಕರೆಯದೇ ಬರ್ತಾನೆ."

ಒಂದು ಸಲದ ಹಾಲು ಕಡಿಮೆಯಾದರೆ ಮಗು ಸಾಯುವುದಿಲ್ಲ, ಅಷ್ಟು ನನಗೂ ಗೊತ್ತುಂಟು. ಆದರೂ ಆ ದಿನದಿಂದ ಅವರು ಗೇಟಿನಲ್ಲಿ ಕಂಡರೆ ನಾನು ಒಳಗೆ ಸರಿಯುತ್ತಿದ್ದೆ. ಅವರಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ಹೆದರಿಕೆ ನನ್ನದು.

ಈಗ ಒಂದು ವರ್ಷದ ಹಿಂದೆ ಅವರ ಮಗಳ ಮಗಳಿಗೆ ನಮ್ಮ ಊರಿನ ಅಂಗನವಾಡಿಯಲ್ಲಿ ಸಹಾಯಕಿ ಕೆಲಸ ಸಿಕ್ಕಿತು. ಪಿಯುಸಿ ಪಾಸಾದ ಹುಡುಗಿ, ಕಾಲನಿಯಲ್ಲಿ ಅಷ್ಟು ಓದಿದ್ದು ಅವಳೇ ಮೊದಲು. ತಾಯಿ ಇಲ್ಲ, ಸಾಕಿದ್ದು ಅಜ್ಜಿ. ಸಹಾಯಕಿ ಎಂದರೆ ಗುಡಿಸಬೇಕು, ಒರೆಸಬೇಕು, ಮಕ್ಕಳಿಗೆ ಅಡುಗೆ ಮಾಡಬೇಕು. ಗುಡಿಸಿದಾಗ, ಒರೆಸಿದಾಗ ಯಾರೂ ಏನೂ ಹೇಳಲಿಲ್ಲ. ಒಲೆಯ ಮೇಲೆ ಅನ್ನ ಇಟ್ಟಳು ನೋಡಿ, ಊರಿನ ಮಕ್ಕಳಿಗೆಲ್ಲ ಒಟ್ಟಿಗೆ ಹೊಟ್ಟೆ ಕೆಟ್ಟಿತಂತೆ.

ಯಾರೂ ಜಗಳ ಮಾಡಲಿಲ್ಲ. ಕೆಲವರು ಮಕ್ಕಳನ್ನು ಮೂಡಬಿದಿರೆಯ ನರ್ಸರಿಗೆ ವ್ಯಾನಿನಲ್ಲಿ ಕಳುಹಿಸಿದರು. ಉಳಿದವರು ಡಬ್ಬಿ ಕಟ್ಟಿದರು. ನಮ್ಮ ಮನೆಯಲ್ಲೂ ಸೊಸೆ ಮೊಮ್ಮಗಳ ಚೀಲಕ್ಕೆ ಡಬ್ಬಿ ಹಾಕಿದಳು.

"ಎಂತಕ್ಕೆ ಡಬ್ಬಿ? ಅಲ್ಲಿ ಬಿಸಿ ಅನ್ನ ಉಂಟಲ್ಲ" ಎಂದೆ.

"ಅವಳಿಗೆ ಅಲ್ಲಿಯ ಖಾರ ಆಗುವುದಿಲ್ಲ ಅತ್ತೆ."

"ಅಂಗನವಾಡಿಯ ಸಾರಿಗೆ ಖಾರವಾ? ನೀರಿಗೆ ಸ್ವಲ್ಪ ಬಣ್ಣ ಹಾಕಿದ ಹಾಗೆ ಇರ್ತದೆ."

"ನೀವು ಸುಮ್ಮನಿರಿ. ಎಲ್ಲರೂ ಕಟ್ತಾರೆ, ನಾನೊಬ್ಬಳೇ ಕಟ್ಟದಿದ್ದರೆ ಊರು ಎಂತ ಹೇಳೀತು?"

ಅನ್ನ ಚೆಲ್ಲಿ ಹೋಗತೊಡಗಿತು. ಮಕ್ಕಳು ಹೀಗೇ ಕಡಿಮೆಯಾದರೆ ಕೇಂದ್ರವನ್ನೇ ಮುಚ್ಚುತ್ತಾರೆ ಎಂದು ಟೀಚರು ಹೇಳಿದರು. ಮುಚ್ಚಿದರೆ ಹುಡುಗಿಯ ಕೆಲಸ ಹೋಯಿತು. ಯಾರೂ ತೆಗೆದದ್ದಲ್ಲ, ಅದಾಗಿ ಹೋದದ್ದು ಎಂದಾಗುತ್ತದೆ. ಒಂದು ಬೆಳಿಗ್ಗೆ ಕೋಲು ಹಿಡಿದು ಗುಡ್ಡ ಹತ್ತಿ ಕಾಲನಿಗೆ ಹೋದೆ.

ಅವರು ಜಗಲಿಯಲ್ಲಿ ಕೂತು ಹೆಣೆಯುತ್ತಿದ್ದರು. ಕಣ್ಣು ಮಂಜಾಗಿತ್ತು, ಬೆರಳಿಗೆ ಮಾತ್ರ ದಾರಿ ಗೊತ್ತಿತ್ತು.

"ನಾನು ಎಲ್ಲರ ಎದುರು ಹೇಳಿಬಿಡ್ತೇನೆ" ಎಂದೆ. "ನಾನು ನಿಮ್ಮ ಹಾಲು ಕುಡಿದವಳು, ನನಗೆ ಎಂತ ಆಗಿದೆ ನೋಡಿ ಅಂತ ಕೇಳ್ತೇನೆ."

ನಾನು 'ನಿಮ್ಮ' ಎಂದದ್ದಕ್ಕೆ ಅವರು ತಲೆ ಎತ್ತಿ ನೋಡಿದರು. ಆಮೇಲೆ ನಕ್ಕರು.

"ಬೇಡ ಸಣ್ಣಕ್ಕಾ. ಅದು ಮದ್ದು ಅಂತ ಕುಡಿಸಿದ್ದು. ಸಾಯುವ ಹೆದರಿಕೆ ಇದ್ದರೆ ಮದ್ದನ್ನು ಯಾರ ಕೈಯಿಂದಲೂ ಕುಡಿಯುತ್ತಾರೆ. ನೀವು ಹೇಳಿದರೆ ಅವರೂ ಹಾಗೇ ಹೇಳ್ತಾರೆ, ಹೌದು ಅಜ್ಜಿ, ಅದು ಮದ್ದು, ಇದು ಅನ್ನ ಅಂತ. ಮದ್ದು ಬೇರೆ, ಅನ್ನ ಬೇರೆ."

"ಮತ್ತೆ ನಾನು ಎಂತ ಮಾಡುವುದು?"

"ನಿಮಗೆ ಹಸಿವು ಆಗ್ತದಾ ಮಧ್ಯಾಹ್ನ?"

"ಆಗ್ತದೆ."

"ಹಾಗಾದರೆ ಹೋಗಿ ಉಣ್ಣಿ. ಮಾತು ಸಾಕು."

ಮರುದಿನ ಒಂದು ಪಾವು ಅಕ್ಕಿ ಸೆರಗಿನಲ್ಲಿ ಕಟ್ಟಿಕೊಂಡು ಅಂಗನವಾಡಿಗೆ ಹೋದೆ. ಮಕ್ಕಳ ಪಾಲು ತಿನ್ನಲು ನಾನು ಹೋದದ್ದಲ್ಲ. ಟೀಚರು ಹೆದರಿದರು. "ಅಜ್ಜಿ, ಆಫೀಸಿನವರು ಬಂದರೆ ನನಗೆ ಕಷ್ಟ."

"ನನ್ನ ಅಕ್ಕಿ ನಾನು ತಂದಿದ್ದೇನೆ. ಹುಡುಗಿ ಬೇಯಿಸಲಿ. ಬಂದವರಿಗೆ ಅಜ್ಜಿಗೆ ಹುಚ್ಚು ಅಂತ ಹೇಳಿ."

ನೆಲದ ಮೇಲೆ ಕೂತು ಉಂಡೆ. ನಮ್ಮ ಮಗು ಪಕ್ಕದಲ್ಲಿ ಕೂತು ತನ್ನ ಡಬ್ಬಿಯ ದೋಸೆ ತಿಂದಿತು. ನನ್ನ ತಟ್ಟೆ ನೋಡುತ್ತಿತ್ತು. ನಾನು ಕೊಡಲಿಲ್ಲ. ನಾನೊಂದು ಸೊಸೆಯೊಂದು ಹೇಳಿದರೆ ಪೆಟ್ಟು ಬೀಳುವುದು ಮಗುವಿಗೆ.

ದಿನಾ ಹೋದೆ. ಅಜ್ಜಿಗೆ ಮನೆಯಲ್ಲಿ ಅನ್ನ ಹಾಕುವುದಿಲ್ಲವಂತೆ ಎಂದು ಊರು ಆಡಿಕೊಂಡಿತು. ಮಗ ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ. ಡಬ್ಬಿ ಕಟ್ಟಲು ಪುರುಸೊತ್ತಿಲ್ಲದ ಬೀಡಿ ಕಟ್ಟುವ ಹೆಂಗಸರ ಮಕ್ಕಳು ನಾಲ್ಕೈದು ನನ್ನ ಸಾಲಿಗೆ ಬಂದವು. ಅಷ್ಟೇ. ಅಷ್ಟಕ್ಕೇ ಕೇಂದ್ರ ಉಳಿದಿತ್ತು. ಒಂದು ಮಗುವಿಗೆ ಜ್ವರ ಬಂದರೆ ನನಗೆ ಹೆದರಿಕೆ, ತಪ್ಪನ್ನು ಅನ್ನದ ಮೇಲೆ ಹಾಕಿಯಾರು ಎಂದು.

ಒಂದು ಮಧ್ಯಾಹ್ನ ಅವರು ಬಂದರು. ಗುಡ್ಡ ಇಳಿದು ಬಂದವರು ಗೇಟಿನ ಹೊರಗೆ ನಿಂತರು. ಹುಡುಗಿ ಸೌಟು ಹಿಡಿದುಕೊಂಡೇ, "ಅಜ್ಜೀ, ಒಳಗೆ ಬಾ, ಬಿಸಿಲು ಉಂಟು" ಎಂದು ಕರೆದಳು. ನಾನೂ ಕರೆದೆ. ಇದು ಸರಕಾರದ ಜಾಗ, ಯಾರ ಅಪ್ಪನದ್ದೂ ಅಲ್ಲ ಎಂದೆ.

"ಗೊತ್ತುಂಟು" ಎಂದರು. "ನಾನು ಒಳಗೆ ಬಂದದ್ದು ಯಾರಾದರೂ ನೋಡಿದರೆ ಈ ನಾಲ್ಕು ಮಕ್ಕಳೂ ನಾಳೆ ಇಲ್ಲ. ನಾನು ಇಲ್ಲಿಂದ ನೋಡಿ ಹೋಗ್ತೇನೆ. ಅವಳು ಬಡಿಸುವುದು ನೋಡಬೇಕಿತ್ತು."

ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ನೋಡಿದರು. ಆ ಕಣ್ಣಿಗೆ ಎಷ್ಟು ಕಂಡಿತೋ. ನಾನು ಒಂದು ಅಗುಳೂ ಬಿಡದೆ ಉಂಡೆ. ಅವರು ನೋಡುತ್ತಿದ್ದರಲ್ಲ.

ಆಟಿ ತಿಂಗಳ ಮಳೆಯಲ್ಲಿ ಅವರು ಹೋದರು. ಬೆಳಿಗ್ಗೆ ಹುಡುಗಿ ಅಂಗನವಾಡಿಯ ಬೀಗದ ಕೈ ಹಿಡಿದುಕೊಂಡು ನಮ್ಮ ಮನೆಗೆ ಓಡಿ ಬಂದಳು. "ಅಜ್ಜಿ ಹೋದರು" ಎಂದಳು. ಅದರ ಹಿಂದೆಯೇ, "ಇವತ್ತು ಅಡುಗೆ ಯಾರು ಮಾಡುವುದು ಅಜ್ಜಿ?" ಎಂದಳು. ಅಳುವುದಕ್ಕೂ ಅವಳಿಗೆ ಹೆದರಿಕೆ.

ನಾವು ಅಂಗನವಾಡಿಗೆ ತಲುಪುವಾಗ ಸುದ್ದಿ ತಲುಪಿತ್ತು. ನಾಲ್ಕು ಮನೆಯ ಹೆಂಗಸರು ಬಾಗಿಲಲ್ಲಿ ಇದ್ದರು. ಅಷ್ಟು ಸಮಯ ಅವಳ ಮುಖ ನೋಡದವರು ಈಗ ಬಾಯಿ ತುಂಬ ಮಗಾ ಮಗಾ ಎಂದರು.

"ಪಾಪ, ಸಾಕಿದ ಅಜ್ಜಿ ಅಲ್ವಾ. ನೀನು ಹೋಗು ಮಗಾ. ಎಷ್ಟು ದಿನ ಬೇಕೋ ಅಷ್ಟು ದಿನ ಇರು. ಇಲ್ಲಿಯ ಅಡುಗೆ ನಾವು ಸರದಿಯಲ್ಲಿ ಮಾಡ್ತೇವೆ."

ಕರುಣೆ ಸುಳ್ಳಲ್ಲ. ಒಬ್ಬಳ ಕಣ್ಣಿನಲ್ಲಿ ನೀರೂ ಇತ್ತು. ಅದಕ್ಕೇ ನನಗೆ ಹೆದರಿಕೆಯಾಯಿತು. ಇವರು ಬೇಯಿಸಿದರೆ ಊರಿನ ಮಕ್ಕಳೆಲ್ಲ ಬಂದು ಉಣ್ಣುತ್ತವೆ. ಹುಡುಗಿ ಮರಳಿ ಬರುವಾಗ, ಚೆನ್ನಾಗಿ ನಡೆಯುತ್ತಾ ಉಂಟಲ್ಲ, ಹೀಗೇ ನಡೆಯಲಿ ಎನ್ನುತ್ತಾರೆ. ಅವಳಿಗೆ ಮತ್ತೆ ಪೊರಕೆ ಮಾತ್ರ.

ನಾನು ಹುಡುಗಿಯ ಹತ್ತಿರವಿದ್ದ ಬೀಗದ ಕೈಯನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ. "ಸಾವಾದ ಮನೆಯಲ್ಲಿ ಒಲೆ ಹಚ್ಚುತ್ತೀರಾ ನೀವು?"

"ಇದು ಅಂಗನವಾಡಿ ಮಾರಾಯ್ತಿ. ಇಲ್ಲಿ ಯಾರು ಸತ್ತದ್ದು?"

"ಈ ಒಲೆ ಹಚ್ಚುವವಳ ಅಜ್ಜಿ. ಇವತ್ತು ಈ ಒಲೆ ಇಲ್ಲ. ಮಕ್ಕಳನ್ನು ಮನೆಗೆ ಕರೆದುಕೊಂಡು ಹೋಗಿ, ಡಬ್ಬಿ ಕಟ್ಟಿದ್ದೀರಲ್ಲ."

ಟೀಚರು ನನ್ನ ಸೊಂಟದ ಬೀಗದ ಕೈ ನೋಡಿದರು. ಆಮೇಲೆ ರಜೆ ಎಂದರು.

ಗುಡ್ಡ ಹತ್ತಿ, ಮಣ್ಣು ಮಾಡುವವರೆಗೆ ಇದ್ದೆ. ಅವರ ಹೆಣೆಯುವ ಕತ್ತಿ ಜಗಲಿಯಲ್ಲಿ ಹಾಗೇ ಇತ್ತು. ಮಳೆ ಬಿಡಲಿಲ್ಲ. ಒದ್ದೆಯಾಗಿ ಮನೆಗೆ ಬಂದು, ಗ್ಯಾಸಿನ ಎದುರು ನಿಂತ ಸೊಸೆಗೆ ಹೇಳಿದೆ, "ಇವತ್ತು ಒಲೆ ಹಚ್ಚಬೇಡ. ನನಗೆ ಸೂತಕ."

"ಯಾರದ್ದು?"

"ನನಗೆ ಹಾಲು ಕೊಟ್ಟವರದ್ದು." ಎಲ್ಲವನ್ನೂ ಹೇಳಿದೆ. ನನ್ನ ಮೊದಲಿನ ಹೆಸರನ್ನೂ ಹೇಳಿದೆ. ಮಗನಿಗೂ ಅದು ಗೊತ್ತಿರಲಿಲ್ಲ.

"ಊರಿಗೆ ಗೊತ್ತುಂಟಾ ಅತ್ತೆ?"

"ಗೊತ್ತಿದ್ದವರು ಸತ್ತರು, ಉಳಿದವರು ಮರೆತರು."

"ಮತ್ತೆ ಈಗ ಯಾಕೆ ಹೇಳಿದ್ದು?"

"ನೀನು ಕೇಳಿದೆ."

ಅವಳು ಗ್ಯಾಸ್ ಬಂದ್ ಮಾಡಿದಳು. ಆ ರಾತ್ರಿ ನಾವು ಅವಲಕ್ಕಿ ತಿಂದು ಮಲಗಿದೆವು.

ಹುಡುಗಿ ಮರುದಿನವೇ ಕೆಲಸಕ್ಕೆ ಬಂದಳು, ಮುಖ ಬಾತುಕೊಂಡಿತ್ತು. ಅಜ್ಜಿಗಾಗಿ ನಾಲ್ಕು ದಿನ ಮನೆಯಲ್ಲಿ ಕೂರುವ ಧೈರ್ಯ ಅವಳಿಗೆ ಇಲ್ಲ. ಅಷ್ಟು ಹೊತ್ತಿಗೆ ನಾನೂ ಮಗುವಿನ ಕೈ ಹಿಡಿದು ಹೊರಟಿದ್ದೆ. ದಾರಿಯಲ್ಲಿ ಅದರ ಚೀಲ ನನ್ನ ಹೆಗಲಿಗೆ ಹಾಕಿಕೊಂಡೆ. ಹಗುರ ಇತ್ತು. ಬಿಚ್ಚಿ ನೋಡಿದರೆ ಡಬ್ಬಿ ಇರಲಿಲ್ಲ.

ಸೊಸೆ ಮರೆತದ್ದೋ ಬಿಟ್ಟದ್ದೋ, ನಾನು ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ. ಕೇಳಿದರೆ ನೆನಪಾಗಿ ನಾಳೆ ಹಾಕಿಯಾಳು ಎಂದು ಹೆದರಿಕೆ. ಪ್ರತಿದಿನ ಬೆಳಿಗ್ಗೆ ಅವಳು ಆಚೆ ಹೋದ ಮೇಲೆ, ಚೀಲವನ್ನು ಕೈಯಲ್ಲಿ ಎತ್ತಿ ಭಾರ ನೋಡುತ್ತೇನೆ.