ಗಂಟೆ ಹೊಡೆದ ಮೇಲಿನ ಪುಟ

ಇಂಕ್ ಪ್ಯಾಡಿನ ವಾಸನೆ ನಿಮಗೂ ಗೊತ್ತಿರಬೇಕು. ಮೊಮ್ಮಗನ ಟಿ.ಸಿ. ಕೇಳಿಕೊಂಡು ಇವತ್ತು ನಮ್ಮ ಅರಸೀಕೆರೆಯ ಶಾಲೆಗೆ ಬಂದ ಅಜ್ಜಿಯೊಬ್ಬರ ಹೆಬ್ಬೆಟ್ಟು ಒತ್ತಿಸಲು ಮುಚ್ಚಳ ತೆಗೆದೆ. ಸಂಜೆ ಬರಬೇಕಾದ ಸುಸ್ತು ಹತ್ತೂವರೆಗೇ ಬಂದು ಕೂತಿತು.

ಹಲವು ವರ್ಷಗಳ ಹಿಂದೆ ನಾನು ಪಾಠ ಹೇಳಲು ಬೇಲೂರಿನಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಹಗರೆಯ ಶಾಲೆಗೆ ಹೋಗುತ್ತಿದ್ದೆ. ಚರಿತ್ರೆಗೆ ಸಿಗುತ್ತಿದ್ದದ್ದು ಊಟದ ನಂತರದ ಪೀರಿಯಡ್ಡು. ಮಕ್ಕಳಿಗೂ ನಿದ್ದೆ, ನಿಜ ಹೇಳಬೇಕೆಂದರೆ ನನಗೂ. ಇಂಗ್ಲೆಂಡಿನ ರಾಜನೊಬ್ಬ ಮನಬಂದಂತೆ ತೆರಿಗೆ ಹಾಕಿದ, ಬೇಡದವರನ್ನು ಸೆರೆಗೆ ತಳ್ಳಿದ, ಕೊನೆಗೆ ಅಲ್ಲಿನ ಪಾಳೇಗಾರರು ಒಟ್ಟಾಗಿ ಅವನನ್ನು ಹೊಳೆದಂಡೆಗೆ ಕರೆಸಿ, ಕಾನೂನು ಮೀರುವುದಿಲ್ಲ ಎಂಬ ಸನ್ನದಿಗೆ ಮೊಹರು ಒತ್ತಿಸಿಕೊಂಡರು ಎನ್ನುವಷ್ಟರಲ್ಲಿ ಗಂಟೆ ಹೊಡೆಯಿತು. ಪುಸ್ತಕ ಮುಚ್ಚಿದೆ. ಭಾಗ್ಯ ಎಂಬ ಹುಡುಗಿ ಹತ್ತಿರ ಬಂದು, ನಮ್ಮ ತಾತನ ಹಾಗೆ ಆ ರಾಜನಿಗೂ ಸಹಿ ಮಾಡಲು ಬರುತ್ತಿರಲಿಲ್ಲವಾ ಎಂದಳು. ನಕ್ಕೆ. ಮರುದಿನ ಇಂಕ್ ಪ್ಯಾಡು ಕೇಳಿದಳು. ಯಾಕೆಂದು ಕೇಳುವ ತ್ರಾಣವಿಲ್ಲದೆ ಕೊಟ್ಟೆ.

ಅವರ ಮನೆಯಲ್ಲಿ ತಾತನ ಮಾತಿಗೆ ಎದುರಿಲ್ಲ. ಆರು ಹಸು. ಕೆಲಸಕ್ಕೆ ಜನ ಸಾಲದೆಂದು ಭಾಗ್ಯಳ ಶಾಲೆ ಬಿಡಿಸುವ ಯೋಚನೆ ಅವರದು. ಒಂದು ಬೆಳಿಗ್ಗೆ ಅವಳ ಅಮ್ಮ, ಚಿಕ್ಕಮ್ಮ ಇಬ್ಬರೂ ಹಾಲು ಕರೆಯಲು ಕೂರಲೇ ಇಲ್ಲವಂತೆ. ಹಸುಗಳು ಅರಚುತ್ತಿವೆ, ಡೈರಿ ಮುಚ್ಚುವ ಹೊತ್ತು. ‘ಭಾಗ್ಯಳನ್ನು ಕೇಳದೆ ಶಾಲೆ ಬಿಡಿಸುವುದಿಲ್ಲ’ ಎಂದು ಬರೆದ ಹಾಳೆಗೆ ತಾತ ಹೆಬ್ಬೆಟ್ಟು ಒತ್ತಿದ ಮೇಲೆಯೇ ಅವರು ಕೊಟ್ಟಿಗೆಗೆ ಹೋದದ್ದು. ನನ್ನ ಪಾಠವೂ ಒಬ್ಬರ ಉಪಯೋಗಕ್ಕೆ ಬಂತೆಂದು ಸ್ಟಾಫ್ ರೂಮಿನಲ್ಲಿ ವಾರವಿಡೀ ಬೀಗಿದೆ.

ಎರಡು ತಿಂಗಳಿಗೆ ತಾತ ಹಾಲು ಕರೆಯುವ ಕರೆಂಟಿನ ಮೆಷಿನ್ ತಂದರು. ಇನ್ನು ಸೊಸೆಯರ ಹಂಗಿಲ್ಲ. ಬಲವಂತಕ್ಕೆ ಒತ್ತಿದ ಹೆಬ್ಬೆಟ್ಟು ಲೆಕ್ಕಕ್ಕಿಲ್ಲ ಎಂದು, ಮೆಷಿನ್ ತೊಳೆಯಲು, ಹುಲ್ಲು ತರಲು ಭಾಗ್ಯಳನ್ನು ಮನೆಯಲ್ಲೇ ಉಳಿಸಿಕೊಂಡರು. ನಾನು ಹೋಗಿ ಹೇಳಿನೋಡಿದೆ. ಒಳ್ಳೆಯ ಕಾಫಿ ಕೊಟ್ಟು ಕಳಿಸಿದರು.

ಆಮೇಲೊಂದು ಸಂಜೆ ಬಸ್ ಸ್ಟಾಪಿನಲ್ಲಿ ಹುಲ್ಲಿನ ಹೊರೆ ಹೊತ್ತು ಸಿಕ್ಕಳು.

“ಮಿಸ್, ಆ ರಾಜ ಮಾತ್ಗೆ ನಿಂತ್ಕಂಡ್ನಾ?”

“ಇಲ್ಲ ಕಣೇ. ಬಲವಂತಕ್ಕೆ ಒತ್ತಿದ್ದು ಅಂತ ಕೆಲವೇ ತಿಂಗಳಲ್ಲಿ ತಪ್ಪಿಬಿಟ್ಟ.”

“ಗೊತ್ತಿದ್ರೂ ಯಾಕ್ ಹೇಳ್ಲಿಲ್ಲ ಮತ್ತೆ?”

ಗಂಟೆ ಹೊಡೆದಿತ್ತು ಎನ್ನಲು ನಾಚಿಕೆಯಾಯಿತು. ಬಸ್ಸು ಬಂತು, ಹತ್ತಿದೆ. ಅವಳು ಶಾಲೆಗೆ ಮತ್ತೆ ಬರಲಿಲ್ಲ.

ಇವತ್ತು ಒಂಬತ್ತನೆಯ ತರಗತಿಗೆ ಅದೇ ಪಾಠ. ಮೊಹರಿನ ಹತ್ತಿರ ಬರುವಾಗ ಸರಿಯಾಗಿ ಗಂಟೆಯಾಯಿತು. ಕಾಲು ಸೋತಿದ್ದವು, ಆದರೂ ಎದ್ದ ಮಕ್ಕಳನ್ನು ಕೂರಿಸಿದೆ. ರಾಜ ತಪ್ಪಿದ, ಪಾಳೇಗಾರರು ಮತ್ತೆ ಬರೆಸಿದರು ಎಂದೆ. ಮುಂದಿನ ರಾಜರೂ ತಪ್ಪಿದರು. ಆದರೆ ಯುದ್ಧಕ್ಕೆ ಹಣ ಬೇಕಾದಾಗಲೆಲ್ಲ ರಾಜ ಅವರ ಮುಂದೆಯೇ ಬರಬೇಕಿತ್ತು. ಬಂದಾಗಲೆಲ್ಲ ಹಳೆಯ ಹಾಳೆ ತೆಗೆದು ಹೊಸ ಮಾತೊಂದನ್ನು ಸೇರಿಸಿದರು. ಪಾರ್ಲಿಮೆಂಟನ್ನು ಕೇಳದೆ ತೆರಿಗೆ ಹಾಕುವಂತಿಲ್ಲ ಎಂಬುದು ಗಟ್ಟಿಯಾಗಲು ನಾನೂರು ವರ್ಷದ ಮೇಲೆಯೇ ಹಿಡಿಯಿತು. ರಾಜನಿಗೆ ನಮ್ಮ ಅಗತ್ಯ ಬೀಳುವ ದಿನಕ್ಕೆ ಕಾದಿರಬೇಕು, ಅಷ್ಟೇ.

ಹೇಳಿ ಮುಗಿಸಿ ಕುರ್ಚಿಯಲ್ಲಿ ಕೂತ ಮೇಲೆ ನೆನಪಾಯಿತು. ಆಗ ಹಗರೆಯಲ್ಲಿ ದಿನಕ್ಕೆರಡು ಸಲ, ಹಾಲು ಕರೆಯುವ ಹೊತ್ತಿಗೇ, ಕರೆಂಟು ಹೋಗುತ್ತಿತ್ತು.