ಮಗ್ಗದ ಗುಂಡಿಯ ಮೇಲಿನ ಕಲ್ಲು

ಇವತ್ತು ಬೆಳಿಗ್ಗೆ ತಿರುಪ್ಪೂರಿನ ನನ್ನ ಮೆಸ್ಸಿನ ಹಿಂದುಗಡೆ ಜಿಡ್ಡಿನ ತೊಟ್ಟಿಯ ಮುಚ್ಚಳ ತೆಗೆಸಿದೆ. ಹುಳಿತ ಸಾಂಬಾರು, ಕಮಟು ಎಣ್ಣೆ, ಹಸಿ ಮಣ್ಣು ಎಲ್ಲ ಸೇರಿದ ವಾಸನೆ ಮೂಗಿಗೆ ಅಡರಿತು. ಪಾತ್ರೆ ತೊಳೆಯುವ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನೊಬ್ಬಳೇ ಪೆದ್ದಿಯ ಹಾಗೆ ಬಗ್ಗಿ ನಿಂತು ಮೂಸಿದೆ. ನಮ್ಮೂರು ನೆಗಮಂನಲ್ಲಿ ದೊಡ್ಡಮ್ಮನ ಅಡುಗೆಮನೆ ಹೀಗೇ ನಾರುತ್ತಿತ್ತು...

ಅವರು ನಮ್ಮ ನೆಂಟರಲ್ಲ, ಪಕ್ಕದ ಮನೆಯವರು. ಬೀದಿಯ ತುಂಬ ಕನ್ನಡದ ನೇಕಾರರ ಮನೆಗಳು. ಹಿರಿಯ ಹೆಂಗಸರೆಲ್ಲ ನಮಗೆ ದೊಡ್ಡಮ್ಮಂದಿರೇ. ಈ ದೊಡ್ಡಮ್ಮನ ಗಂಡ, ನಾವು ದೊಡ್ಡಪ್ಪ ಎನ್ನುತ್ತಿದ್ದವರು, ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ಸೀರೆ ನೇಯ್ದೇ ಆಯಸ್ಸು ಕಳೆದರು. ಅವರು ತೀರಿಕೊಂಡ ಮೇಲೆ ದೊಡ್ಡಮ್ಮ ಮಗ್ಗ ಬಿಚ್ಚಿಸಿ, ಗುಂಡಿಯ ಮೇಲೆ ಕಲ್ಲು ಹಾಸಿ, ಅದೇ ಕೋಣೆಯಲ್ಲಿ ಒಲೆ ಹೂಡಿ ಮೆಸ್ ಶುರುಮಾಡಿದರು. ಮಕ್ಕಳಿಲ್ಲದ ಅವರಿಗೆ ಬದುಕಲು ಇದ್ದದ್ದು ಅದೊಂದೇ. ಕೈನೆರವಿಗೆ ನಾನು ಹೋಗುತ್ತಿದ್ದೆ.

ಆಮೇಲೆ ಹೋಟೆಲುಗಳಿಗೆಲ್ಲ ಪಟ್ಟಣ ಪಂಚಾಯಿತಿಯ ಅಪ್ಪಣೆ ಬಂತು. ಪಾತ್ರೆ ತೊಳೆದ ನೀರನ್ನು ನೇರ ಚರಂಡಿಗೆ ಬಿಡಕೂಡದು. ಮೊದಲು ತೊಟ್ಟಿಯಲ್ಲಿ ನಿಲ್ಲಿಸಿ, ಮೇಲೆ ತೇಲುವ ಜಿಡ್ಡು ಬಳಿದು ತೆಗೆಯಬೇಕು. ಇಲ್ಲದಿದ್ದರೆ ಬಾಗಿಲಿಗೆ ಬೀಗ. ಹೊಸದಾಗಿ ಅಗೆಯುವುದೇಕೆ, ಮಗ್ಗದ ಗುಂಡಿಯೇ ಇದೆಯಲ್ಲ ಎಂದ ಮೇಸ್ತ್ರಿ. ನೇಕಾರರ ಮನೆಯಲ್ಲಿ ಮಾತ್ರ ಸಿಗುವ ಅನುಕೂಲ! ದೊಡ್ಡಮ್ಮ ಹೂಂ ಅಂದುಬಿಟ್ಟರು. ಅದೇ ತಪ್ಪಾಯಿತು.

ತೊಟ್ಟಿಗೆ ನೀರು ಬಿದ್ದಾಗಲೆಲ್ಲ ಮೇಲಿನ ಕಲ್ಲು ಟಕ್... ಟಕ್ ಎನ್ನತೊಡಗಿತು. ಮಗ್ಗದ ಕೆಳಗಿನ ಹಲಗೆಯನ್ನು ಕಾಲಲ್ಲಿ ತುಳಿದ ಹಾಗೆಯೇ. ಗಾಳಿ ಸಿಕ್ಕಿಕೊಂಡು ಕಲ್ಲನ್ನು ಎತ್ತುತ್ತಿದೆ ಎಂದು ನಾನು ದೊಡ್ಡ ಬುದ್ಧಿವಂತೆಯ ಹಾಗೆ ಹೇಳಿದೆ.

“ಆಳು ಹೋಗಾಯ್ತು ಕಣ್ಣು. ಕಾಲು ಇಲ್ಲೇ ಐತೆ” ಎಂದರು ದೊಡ್ಡಮ್ಮ, ಮನೆಯಲ್ಲಿ ಉಪ್ಪು ಮುಗಿದಿದೆ ಎನ್ನುವಷ್ಟು ಸಲೀಸಾಗಿ. ನನ್ನನ್ನು ಅವರು ಕರೆಯುತ್ತಿದ್ದುದೇ ಹಾಗೆ, ತಮಿಳರು ಮಕ್ಕಳನ್ನು ಮುದ್ದಿನಿಂದ ಕರೆಯುವಂತೆ, ಕಣ್ಣು ಎಂದು.

ಅವತ್ತಿನಿಂದ ಕುದಿನೀರಾಗಲಿ ಗಂಜಿಯಾಗಲಿ ಆರಿಸದೆ ಆ ತೊಟ್ಟಿಗೆ ಬಿಡಲಿಲ್ಲ. ದೊಡ್ಡಪ್ಪನ ಕಾಲು ಸುಟ್ಟುಹೋಗುತ್ತದಂತೆ. ಬಿಸಿನೀರು ಬಿಟ್ಟರೆ ಜಿಡ್ಡು ಕರಗಿ ಚರಂಡಿ ಸೇರುತ್ತದೆ, ಬಿಡಬೇಡಿ ಎಂದು ಅಧಿಕಾರಿಗಳು ಊರಿಗೆಲ್ಲ ಹೇಳಿ ಸುಸ್ತಾಗಿದ್ದರು. ಇಲ್ಲಿ ದೊಡ್ಡಪ್ಪನ ದೆಸೆಯಿಂದ ಕಾನೂನು ತಾನಾಗಿ ನಡೆಯುತ್ತಿದೆ ಎಂದು ನಾನು ರೇಗಿಸುತ್ತಿದ್ದೆ. ಹಾಗಿರುವಾಗ ಒಂದು ಮಧ್ಯಾಹ್ನ... ನಲ್ಲಿಯಲ್ಲಿ ನೀರೇ ಬಂದಿರಲಿಲ್ಲ, ತೊಟ್ಟಿಗೆ ಒಂದು ಚೊಂಬು ನೀರೂ ಬಿದ್ದಿರಲಿಲ್ಲ. ಇಬ್ಬರೂ ಸೊಪ್ಪು ಬಿಡಿಸುತ್ತ ಕೂತಿದ್ದೆವು. ಕಲ್ಲು ಟಕ್ ಎಂದಿತು. ನಾನು ಕಲ್ಲಿನಿಂದ ದೂರ ಸರಿದು ಕೂತೆ. ದೊಡ್ಡಮ್ಮ ತಲೆಯನ್ನೇ ಎತ್ತಲಿಲ್ಲ. ರೇಗಿಸುವುದನ್ನು ಅಂದಿಗೇ ಬಿಟ್ಟೆ.

ಕೆಲವು ವರ್ಷಗಳಾದ ಮೇಲೆ ಹೊಸ ಅಧಿಕಾರಿಣಿ ಬಂದರು. ಅಡುಗೆಮನೆಯೊಳಗೆ ತೊಟ್ಟಿ ಇರಕೂಡದು, ಹಿತ್ತಲಲ್ಲಿ ಕಟ್ಟಿಸಿ, ಈ ಗುಂಡಿಗೆ ಮಣ್ಣು ತುಂಬಿಸಿ, ಇಲ್ಲವಾದರೆ ಲೈಸೆನ್ಸ್ ಇಲ್ಲ ಎಂದರು. ಮಣ್ಣು ಬೇಡ, ಗುಂಡಿಯನ್ನು ತೊಳೆದು ಖಾಲಿ ಬಿಡುತ್ತೇನೆ ಎಂದು ದೊಡ್ಡಮ್ಮ ತಮಿಳಿನಲ್ಲಿ ಅಂಗಲಾಚಿದರು. ಆಕೆ ಕೆಟ್ಟವರೇನಲ್ಲ, ಆದರೂ ಆಗದು ಎಂದರು.

ಮಣ್ಣು ತುಂಬುವ ದಿನ ದೊಡ್ಡಮ್ಮ ಯಾರನ್ನೂ ಹತ್ತಿರ ಬಿಡದೆ ಗುಂಡಿಯನ್ನು ಸೀಗೆಪುಡಿ ಹಾಕಿ ಉಜ್ಜಿ, ತೊಳೆದು, ಬಟ್ಟೆಯಲ್ಲಿ ಒರೆಸಿದರು. ಒಲೆಯ ಪಕ್ಕ ಎಲೆ ಹಾಕಿ ಅನ್ನ ಬಡಿಸಿದರು. ಆಮೇಲೆ ಗುಂಡಿಗೆ ಬಗ್ಗಿ, ನೇಯುತ್ತಿದ್ದ ಗಂಡನನ್ನು ಕರೆಯುತ್ತಿದ್ದ ದನಿಯಲ್ಲೇ ಕರೆದರು.

“ಏಳಿ... ಮಣ್ಣ್ ಹಾಕ್ತಾರೆ. ಊಟಕ್ಕೆ ಬನ್ನಿ.”

ಅನ್ನದ ಹಬೆ ಆರುವವರೆಗೂ ಯಾರೂ ಅಲ್ಲಾಡಲಿಲ್ಲ. ಮೇಸ್ತ್ರಿ ಮಣ್ಣಿನ ಬುಟ್ಟಿ ಹಿಡಿದು ನಿಂತೇ ಇದ್ದ. ಕೊನೆಗೆ ದೊಡ್ಡಮ್ಮ ಎದ್ದು ಒಂದಿಷ್ಟು ಪಕ್ಕಕ್ಕೆ ಸರಿದರು, ಒಳಗಿನಿಂದ ಬರುವವರಿಗೆ ದಾರಿ ಬಿಡುವ ಹಾಗೆ. “ಹಾಕಪ್ಪ” ಎಂದರು. ನನಗೆ ಹೆದರಿಕೆಯ ಜೊತೆಗೇ ಸದ್ಯ, ದೊಡ್ಡಪ್ಪ ಎದ್ದು ಬಂದರಲ್ಲ ಎಂಬ ಸಮಾಧಾನವೂ ಆಯಿತು. ಲೈಸೆನ್ಸ್ ಸಿಕ್ಕಿತು. ಆ ಸದ್ದು ಮತ್ತೆ ಕೇಳಲಿಲ್ಲ.

ದೊಡ್ಡಮ್ಮ ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. ಅವರಿಗೆ ಹಿತವಾಗಲೆಂದು, “ಅವತ್ತು ದೊಡ್ಡಪ್ಪ ಎದ್ದು ಬಂದ್ರಲ್ಲ ದೊಡ್ಡಮ್ಮ” ಎಂದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

“ಇಲ್ಲ ಕಣ್ಣು. ಬರ್ಲಿಲ್ಲ. ಮೇಸ್ತ್ರಿ ಎಷ್ಟೊತ್ತು ಕಾಯ್ತಾನೆ... ಮೆಸ್ ನಡೀಬೇಕಲ್ಲ.”

ಹಾಗಾದರೆ ಅವತ್ತು ಅವರು ಸರಿದು ನಿಂತದ್ದು ಮಣ್ಣಿನ ಬುಟ್ಟಿಗೆ ದಾರಿ ಬಿಡಲು.

ಅವರೂ ಹೋದರು. ಆ ಮನೆ ಮಾರಿಹೋಗಿ ನೆಲಕ್ಕೆ ಟೈಲ್ಸ್ ಬಂದಿದೆಯಂತೆ. ಇವತ್ತು ತೊಟ್ಟಿಯ ಮುಚ್ಚಳ ಹಾಕಿಸಿ ಒಳಗೆ ಬರುವಷ್ಟರಲ್ಲಿ ಊಟದವರು ಬಂದು ಕೂತಿದ್ದರು. ದೊಡ್ಡಮ್ಮ ಇಲ್ಲವಲ್ಲ ಎಂದು ಅಳು ಒತ್ತರಿಸಿ ಬಂತು. ಕಣ್ಣೊರೆಸಿಕೊಂಡು ಎಲೆ ಹಾಕಿದೆ.